ಕಲ್ಲು ಹೊಡೆಯದ ಸಿಸ್ಟರಮ್ಮ

ಕೊಟ್ಟದ್ದನ್ನು ತಿರುಗಿಸಿ ನೋಡದೆ ಅವರು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ತಿರುಗಿಸಿ ತಾರೀಕು ಓದುವರು. ಬದನೆಕಾಯಿ ಕೊಟ್ಟರೆ ತಿರುಗಿಸಿ ತೂತು ಹುಡುಕುವರು. ಒಂದು ಕ್ರಿಸ್‌ಮಸ್ಸಿಗೆ ಸಭೆಯ ಪರವಾಗಿ ಅವರಿಗೆ ಸೀರೆ ಕೊಟ್ಟೆವು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅವರು ಸೆರಗನ್ನು ಹಿಂದುಮುಂದಾಗಿ ಹಿಡಿದು ದಾರ ಎಳೆದು ನೋಡುತ್ತಿದ್ದರು. "ಪರವಾಗಿಲ್ಲ, ಚೆನ್ನಾಗೈತೆ" ಎಂದ ಮೇಲೆಯೇ ಆರಿಸಿ ತಂದವರಿಗೆ ಜೀವ ಬಂತು.

ಹೋದ ತಿಂಗಳು ನ್ಯಾಮತಿಯಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ಪೆಟ್ಟಿಗೆಯನ್ನು ಇಳಿಸುವಾಗ, ಇವರು ಎದ್ದು ನಿಂತಿದ್ದರೆ ಇದರ ತಳವನ್ನೂ ಒಂದು ಸಲ ತಿರುಗಿಸಿ ನೋಡುತ್ತಿದ್ದರಲ್ಲ ಅನಿಸಿತು. ನಗು ಬಂತು. ನಗುವಿನ ಬೆನ್ನಿಗೇ ಅಳುವೂ ಬಂತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದೆಂದರೆ ಅವರಿಗೆ ಆಗದು. ಅಚ್ಚಾದ ಹೆಸರನ್ನು ಇಟ್ಟುಕೊಂಡು ಯಾರು ಏನು ಮಾಡುತ್ತಾರೋ ಎಂಬ ಅನುಮಾನ. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು, ನಿವೃತ್ತಿಯಾದ ಮೇಲೆ ನ್ಯಾಮತಿಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದರು. ಮದುವೆಯಾಗಿರಲಿಲ್ಲ. ಊರಿಗೆಲ್ಲ ಸಿಸ್ಟರಮ್ಮ. ಹೊನ್ನಾಳಿಯಲ್ಲಿ ಕನ್ನಡ ಮೇಷ್ಟ್ರಾಗಿರುವ ನನಗೂ ಅವರು ಸಿಸ್ಟರಮ್ಮನೇ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಕಡೆಯ ನಮ್ಮ ಸಭೆಯ ಕ್ರೈಸ್ತರನ್ನೆಲ್ಲ ಒಟ್ಟಿಗೆ ಕೂರಿಸಿದರೂ ಒಂದು ಸಣ್ಣ ಮದುವೆ ಮನೆ ತುಂಬುವುದಿಲ್ಲ. ನಾಲ್ಕೂ ಊರಿಗೆ ಒಬ್ಬರೇ ಪಾಸ್ಟರು. ಬೈಕಿನ ಮೇಲೆ ಓಡಾಡಿ ಓಡಾಡಿ ಅವರ ಪ್ರಸಂಗಕ್ಕೂ ಬೈಕಿನ ವೇಗವೇ ಬಂದಿತ್ತು. ಅದಕ್ಕೆ ಬ್ರೇಕು ಸಿಸ್ಟರಮ್ಮ. ಪಾಸ್ಟರು ಬೈಬಲಿನ ಒಂದು ವಚನ ಓದಿ ಅರ್ಥ ಹೇಳತೊಡಗಿದರೆ, ಕೂತಲ್ಲಿಂದಲೇ, "ಅದರ ಕೆಳಗಿನ ಸಾಲೂ ಓದಿಬಿಡ್ರಿ ಪಾಸ್ಟರೇ" ಎನ್ನುವರು. ಕೆಳಗಿನ ಸಾಲು ಓದಿದರೆ ಪಾಸ್ಟರು ಹೇಳಿದ ಅರ್ಥ ಎಷ್ಟೋ ಸಲ ನಿಲ್ಲುತ್ತಿರಲಿಲ್ಲ. ಪಾಸ್ಟರು ಒಳ್ಳೆಯವರು, ನಗುತ್ತಿದ್ದರು. ಸತ್ತು ಎದ್ದು ಬಂದ ಗುರುವಿನ ಗಾಯದೊಳಗೆ ಬೆರಳಿಟ್ಟು ನೋಡದೆ ನಂಬಲಾರೆ ಎಂದ ಆ ಶಿಷ್ಯನ ತಂಗಿ ಇವರು ಎಂದು ಛೇಡಿಸುತ್ತಿದ್ದರು. "ಅಣ್ಣ ಬೆರಳಷ್ಟೇ ಇಟ್ಟ. ನಾನು ಡ್ರೆಸ್ಸಿಂಗ್ ಮಾಡೇ ಕಳಿಸ್ತಿದ್ದೆ" ಎಂದು ಇವರ ಉತ್ತರ.

ನನ್ನ ಮೇಲೂ ಅನುಮಾನವಿತ್ತು. ಒಮ್ಮೆ ಕಮಿಟಿಯ ಸಭೆ ತಪ್ಪಿಸಿಕೊಳ್ಳಲು ಜ್ವರ ಎಂದು ಹೇಳಿ ಮಲಗಿದ್ದೆ. ಸಂಜೆಗೆ ನ್ಯಾಮತಿಯಿಂದ ಬಸ್ಸು ಹತ್ತಿ ಥರ್ಮಾಮೀಟರಿನೊಂದಿಗೆ ಬಂದರು. ನನ್ನ ಬಾಯಲ್ಲಿಟ್ಟು, ತೆಗೆದು, ಬೆಳಕಿಗೆ ತಿರುಗಿಸಿ ನೋಡಿ, "ನಿಮಗಿಂತ ಇದು ನಿಯತ್ತಾಗೈತೆ ಮೇಷ್ಟ್ರೇ" ಎಂದರು. ನನ್ನ ಹೆಂಡತಿ ಒಳಗೆ ಹೋಗಿ ನಕ್ಕಳು. ಸಿಸ್ಟರಮ್ಮ ಮಾತ್ರ ನಗದೆ ಟೀ ಕುಡಿದು ಬಂದ ಬಸ್ಸಿಗೇ ಹೋದರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಅದರಂತೆ ಬದುಕುವ ಮನುಷ್ಯರ ಪಕ್ಕ ಕೂರುವುದು ಬಲು ಕಷ್ಟ. ಆದರೆ ಭಾನುವಾರ ಬೆಳಿಗ್ಗೆ ನ್ಯಾಮತಿಯ ಮಕ್ಕಳ ತರಗತಿಯಲ್ಲಿ ಅವರೇ ಬೇರೆ. ಅಲ್ಲಿ ಮಕ್ಕಳು ಏನು ಹೇಳಿದರೂ ನಂಬುತ್ತಿದ್ದರು. ಹೊಳೆಯಲ್ಲಿ ಆನೆಯಷ್ಟು ದೊಡ್ಡ ಮೀನು ಕಂಡೆ ಎಂದರೂ, "ಹೌದಾ, ಬಾಲ ಹೆಂಗಿತ್ತು" ಎಂದು ಕೇಳುವರು. ಮಕ್ಕಳೂ ಅವರಿಗೆ ಅಂಟಿಕೊಂಡಿದ್ದರು. ಆ ತರಗತಿಯೇ ಅವರ ಸಂಸಾರ ಎಂದು ನಮಗೆಲ್ಲ ಗೊತ್ತಿತ್ತು.

ಇಂಥವರು ಒಂದು ಮೊಬೈಲ್ ಆಟದ ದೆಸೆಯಿಂದ ಆ ತರಗತಿಯನ್ನು ಬಿಟ್ಟರು. ಆ ಕಥೆಯನ್ನೇ ಹೇಳಬೇಕು.

ಬೇಸಿಗೆ ರಜೆಯಲ್ಲಿ ನಾಲ್ಕೂ ಊರಿನ ಮಕ್ಕಳನ್ನು ಹೊನ್ನಾಳಿಯಲ್ಲಿ ಸೇರಿಸಿ ರಜಾ ಬೈಬಲ್ ಶಾಲೆ ನಡೆಸುತ್ತೇವೆ. ಹಾಡು, ಕಥೆ, ಮಧ್ಯಾಹ್ನ ಚಿತ್ರಾನ್ನ. ಈಚೆಗೆ ಚಿತ್ರಾನ್ನ ಮುಗಿದದ್ದೇ ಮಕ್ಕಳು ಮೂಲೆ ಸೇರಿ ಮೊಬೈಲಿನಲ್ಲಿ ಕತ್ತಿ ಬೀಸುವುದು, ದೆವ್ವ ಕೊಲ್ಲುವುದು. ದಾವಣಗೆರೆಯಲ್ಲಿ ಕಂಪ್ಯೂಟರ್ ಓದಿ ಬಂದಿದ್ದ ಪಾಸ್ಟರ ಮಗಳು, ಇದಕ್ಕೆ ಬದಲು ನಮ್ಮ ಮಕ್ಕಳಿಗೆ ನಮ್ಮದೇ ಆಟ ಮಾಡಿಕೊಡುತ್ತೇನೆ ಎಂದಳು. ಮಾಡಿಯೂ ತಂದಳು. ಕುರಿ ಕಾಯುವ ಹುಡುಗ, ಕಳೆದುಹೋದ ಮರಿ, ಹುಡುಕಿಕೊಂಡು ಕಾಡು ಗುಡ್ಡ ದಾಟುವುದು. ಕತ್ತಲಾದಾಗ ಬಟನ್ ಒತ್ತಿದರೆ ಅವನ ಕೋಲಿನ ತುದಿ ಬೆಳಗುತ್ತದೆ. ಬಾವಿಯ ನೀರು ಕುಡಿದರೆ ಗಾಯ ಮಾಯುತ್ತದೆ.

ಚನ್ನಗಿರಿಯಲ್ಲಿ ಕಮಿಟಿ ಸೇರಿತು, ನಮ್ಮ ಸಭೆಯ ಹಿರಿಯರೊಬ್ಬರ ಮನೆಯಲ್ಲಿ. ಲಾರಿ ಆಫೀಸಿನಲ್ಲಿ ಮ್ಯಾನೇಜರಾಗಿದ್ದ ಮನುಷ್ಯ, ಮಾತು ಖಡಕ್. ಕೋಲು ಬೆಳಗಿದ್ದು ನೋಡಿದ್ದೇ ತಲೆ ಆಡಿಸಿಬಿಟ್ಟರು.

"ಇದು ಮಂತ್ರ. ಇದು ಬ್ಯಾಡ."

"ಮಂತ್ರ ಅಲ್ಲ ದೊಡ್ಡಪ್ಪ, ಬರೀ ಬೆಳಕು" ಎಂದಳು ಪಾಸ್ಟರ ಮಗಳು. "ನಮ್ಮ ಸತ್ಯವೇದದಾಗೂ ಕೋಲು ಹಾವಾಗಿತ್ತಲ್ಲ. ನೀರು ದ್ರಾಕ್ಷಾರಸ ಆಗಿತ್ತಲ್ಲ."

"ಅದು ದೇವರ ಅಪ್ಪಣೆ. ಇದು ಬಟನ್ನು. ಒತ್ತಿದಾಗೆಲ್ಲ ಬರಂಗಿದ್ರೆ ಅದು ಮಂತ್ರನೇ. ದೇವರು ಬಟನ್ ಒತ್ತಿದ್ರೆ ಬರಾಕಿಲ್ಲ." ತಮ್ಮ ತೋಳು ಮುಟ್ಟಿ ತೋರಿಸಿ ಮುಂದುವರಿಸಿದರು. "ನಮ್ಮಪ್ಪನ ತೋಳಿಂದ ತಾಯತ ಬಿಚ್ಚಿಸಾಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಸಾಯಾಗಂಟ ಹೆದರ್ತಿದ್ದ ಮನುಷ್ಯ. ಈಗ ನೀನು ಅದನ್ನ ಮೊಬೈಲ್‌ನಾಗೆ ಇಟ್ಟು ಮೊಮ್ಮಕ್ಕಳಿಗೆ ಕಟ್ತೀಯೇನವ್ವ?"

ಒಳ್ಳೆಯ ಮಾತು. ಈಗಲೂ ಅದನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಎಲ್ಲರೂ ಸಿಸ್ಟರಮ್ಮನ ಕಡೆ ತಿರುಗಿದೆವು. ಇಷ್ಟು ಸಂಶಯದ ಹೆಂಗಸು ಮಂತ್ರಕ್ಕೆ ಒಪ್ಪುವುದುಂಟೆ, ಹಿರಿಯರಿಗಿಂತ ಎರಡು ಮಾತು ಜಾಸ್ತಿಯೇ ಆಡುತ್ತಾರೆ ಎಂದುಕೊಂಡಿದ್ದೆ. ಅವರು ಮೊಬೈಲನ್ನು ತಿರುಗಿಸಿ ಬೆನ್ನು ಮುಟ್ಟಿ ನೋಡಿ, "ಬಿಸಿ ಆಗೈತೆ" ಎಂದು ವಾಪಸು ಕೊಟ್ಟರು. ಅಷ್ಟೇ.

ಕೊನೆಗೆ ಒಂದು ರಾಜಿಯಾಯಿತು. ಮಂತ್ರ ಒಳ್ಳೆಯವರ ಕೈಯಲ್ಲಿ ಬೇಡ. ಕೆಟ್ಟವರ ಕೈಯಲ್ಲಿರಲಿ, ಸೋತು ಹೋಗಲಿ. ಮಂತ್ರ ಕೆಟ್ಟದ್ದು ಎಂದು ಮಕ್ಕಳಿಗೂ ತಿಳಿಯುತ್ತದೆ. ಹಿರಿಯರು ಒಪ್ಪಿದರು, ಪಾಸ್ಟರು ಒಪ್ಪಿದರು. ನಮಗೆಲ್ಲ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎನ್ನುವ ಸಮಾಧಾನ. ಹುಡುಗಿ ಕೋಲಿನ ಬೆಳಕು ತೆಗೆದಳು. ಕುರಿಮರಿ ಕದ್ದವಳೊಬ್ಬಳನ್ನು ಸೃಷ್ಟಿಸಿದಳು. ಆಟ ನಮ್ಮ ಕಡೆಯ ಹಾಗೇ ಕಾಣಬೇಕೆಂದು ಅವಳ ಹಟ. ಹೀಗಾಗಿ ಊರಾಚೆ ಒಂದು ಬೇವಿನ ಮರ, ಮರದ ಕೆಳಗೆ ತಗಡಿನ ಮನೆ, ಬಾಗಿಲಿಗೆ ನಿಂಬೆಹಣ್ಣಿನ ಸರ, ಹೊಸ್ತಿಲಲ್ಲಿ ಕೂದಲು ಕೆದರಿದ ಮುದುಕಿ. ಮುದುಕಿ ಕೈ ಎತ್ತಿದರೆ ಕಪ್ಪು ಹೊಗೆ ಬರುತ್ತದೆ. ಹುಡುಗನ ಕೈಯಲ್ಲಿ ಕವಣೆ. ಕಲ್ಲು ಬೀಸಿ ಹೊಡೆಯುತ್ತ ಹೋದರೆ ಮುದುಕಿ ಓಡಿಹೋಗುತ್ತಾಳೆ, ಮರಿ ಸಿಗುತ್ತದೆ. ಆಟದ ಮಾತುಗಳನ್ನು ಬರೆದುಕೊಟ್ಟವನು ನಾನು. ಶುರುವಿನಲ್ಲಿ ಊರವನೊಬ್ಬ ಬಂದು, 'ಬೇವಿನ ಮರದ ಮನೆಯವಳೇ ಕದ್ದಿದ್ದು, ಅವಳು ಮಾಟಗಾತಿ' ಎಂದು ಹೇಳುತ್ತಾನೆ.

ರಜಾ ಶಾಲೆಗೆ ಮುಂಚೆ ಹೊನ್ನಾಳಿಯಲ್ಲಿ, ಪಾಸ್ಟರ ಮನೆಯಲ್ಲಿ, ಒಬ್ಬೊಬ್ಬರಾಗಿ ಆಡಿ ನೋಡಿದೆವು. ಪಾಸ್ಟರು ಆಡಿದರು. ಹಿರಿಯರು ಆಡಿದರು, ಮುದುಕಿ ಓಡಿದಾಗ ತೊಡೆ ತಟ್ಟಿಕೊಂಡರು. ಸಿಸ್ಟರಮ್ಮ ಕನ್ನಡಕ ಏರಿಸಿ ಒಂದೇ ಬೆರಳಲ್ಲಿ ನಿಧಾನವಾಗಿ ಕಾಡು ದಾಟಿದರು, ಗುಡ್ಡ ಹತ್ತಿದರು, ಬೇವಿನ ಮರದ ಹತ್ತಿರ ಬಂದರು. ಅಲ್ಲಿ ಬೆರಳು ನಿಂತಿತು. ಹೊಗೆ ಬಂದು ಹುಡುಗ ಬಿದ್ದ. ಮತ್ತೆ ಶುರು ಮಾಡಿದರು. ಮತ್ತೆ ಮುದುಕಿಯ ಮುಂದೆ ಹೋಗಿ ಸುಮ್ಮನೆ ನಿಲ್ಲಿಸಿದರು. ಮತ್ತೆ ಬಿದ್ದ.

"ಕಲ್ಲಿಂದು ಬಲಗಡೆ ಬಟನ್ ಸಿಸ್ಟರಮ್ಮ" ಎಂದಳು ಹುಡುಗಿ.

"ಕಾಣ್ತೈತೆ." ಕನ್ನಡಕ ತೆಗೆದರು. "ಮರಿ ಇವಳೇ ಕದ್ದಿದ್ದು ಅಂತ ಯಾರು ನೋಡಿದಾರೆ?"

"ಶುರುವಿಗೇ ಹೇಳ್ತಾರಲ್ಲ, ಅವಳು ಮಾಟಗಾತಿ ಅಂತ."

"ಹೇಳಿದೋನು ಯಾರು? ಅವನು ಕಣ್ಣಾರೆ ನೋಡಿದ್ನಾ?"

ಬರೆದವನು ನಾನಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ಅವನು ನೋಡಿರಲಿಲ್ಲ. ನೋಡಿದನೇ ಎಂದು ಕೇಳಿಕೊಳ್ಳುವುದು ಬರೆಯುವಾಗ ನನಗೆ ಹೊಳೆದೂ ಇರಲಿಲ್ಲ.

ಹಿರಿಯರಿಗೆ ಇದು ಸರಿಬರಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಸಿಸ್ಟರಮ್ಮ, ಮಂತ್ರದ ಕೋಲಿಗೆ ನೀವು ಬ್ಯಾಡ ಅನ್ನಲಿಲ್ಲ. ಈಗ ಮಾಟದೋಳ ಪರ ಮಾತಾಡ್ತೀರಿ. ನಾವು ಬಾಯಿ ಬಿಟ್ಟು ಕೇಳಿಲ್ಲ, ಆದ್ರೆ ನಿಮ್ಮ ಚೀಲದಾಗೆ ಯಾವಾಗ್ಲೂ ಒಂದು ನಿಂಬೆಹಣ್ಣು ಇರ್ತೈತೆ. ಎಲ್ರೂ ನೋಡಿದೀವಿ."

ನಿಜ, ಎಲ್ಲರೂ ನೋಡಿದ್ದೆವು. ನಾನೂ ನೋಡಿದ್ದೆ. ಯಾಕಿರಬಹುದು ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಹುಳ ನನಗೂ ಇತ್ತು. ಆ ಕ್ಷಣ ಕೋಣೆಯಲ್ಲಿ ಯಾರೂ ಅವರ ಮುಖ ನೋಡಲಿಲ್ಲ, ಚೀಲ ನೋಡುತ್ತಿದ್ದರು.

ಸಿಸ್ಟರಮ್ಮ ಚೀಲಕ್ಕೆ ಕೈಹಾಕಿ ನಿಂಬೆಹಣ್ಣು ತೆಗೆದು ಹಿರಿಯರ ಮುಂದಿನ ಟೀಪಾಯಿಯ ಮೇಲಿಟ್ಟರು. "ತಿರುಗಿಸಿ ನೋಡ್ರಿ."

ಹಿರಿಯರು ಮುಟ್ಟಲಿಲ್ಲ.

"ನೋಡ್ರಿ, ಕುಂಕುಮ ಐತಾ, ಸೂಜಿ ಚುಚ್ಚಿದೀನಾ. ಬಸ್ಸಿನಾಗೆ ನನಗೆ ವಾಂತಿ ಬರ್ತೈತೆ. ಮೂಸಿ ನೋಡಾಕೆ ಇಟ್ಕಂತೀನಿ." ಹಣ್ಣನ್ನು ವಾಪಸು ಚೀಲಕ್ಕೆ ಹಾಕಿಕೊಂಡರು. "ಎಷ್ಟು ಬೇಗ ಆಗ್ತೈತೆ ನೋಡಿದ್ರಾ. ನಾನು ಬೆಳಿಗ್ಗೆ ಸಿಸ್ಟರಮ್ಮ ಇದ್ದೆ."

ಆಮೇಲೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ಮೇಷ್ಟ್ರ ಕನ್ನಡಕ್ಕೆ ತಿರುಗಿಸಿದರೆ ಅದು ಕೆಡುತ್ತದೆ.

"ಕೆಲಸಕ್ಕೆ ಸೇರಿದ ಹೊಸದು, ಜಗಳೂರು ಕಡೆ ಇದ್ದೆ. ಒಂದು ದಿನ ಗಾಡಿಯಾಗೆ ಹಾಕ್ಕಂಡು ಒಬ್ಬ ಹೆಂಗಸನ್ನ ತಂದ್ರು. ವಯಸ್ಸಾದೋಳು. ತಲಿ ಎಲ್ಲ ಒಡೆದು ಹೋಗಿತ್ತು. ಯಾವುದೋ ಹಳ್ಳಿಯಾಗೆ ಒಂದು ಮಗು ತೀರ್ಕಂಡಿತ್ತಂತೆ. ಇವಳೇ ಮಾಟ ಮಾಡ್ಸಿದ್ದು ಅಂತ ಯಾರೋ ಅಂದ್ರಂತೆ. ದೊಡ್ಡೋರು ಕೈ ಕಟ್ಕಂಡು ನಿಂತ್ರು, ಕಲ್ಲು ಹೊಡೆದಿದ್ದು ಹುಡುಗರು. ನಾನು ಹತ್ತಿ ಒತ್ತಿ ಒತ್ತಿ ರಕ್ತ ಒರೆಸ್ತಿದ್ದೆ. ಕಿಟಕಿ ಕಡೆ ಸದ್ದಾತು. ನೋಡಿದ್ರೆ ಅದೇ ಹುಡುಗರು, ಗಾಡಿ ಹಿಂದೇನೇ ಸೈಕಲ್ ತುಳಕಂಡು ಬಂದು ಕಿಟಕಿಗೆ ಜೋತು ಬಿದ್ದಿದ್ರು. ಒಬ್ಬ ಕೇಳ್ದ, ಅಕ್ಕ, ಅವಳ ರಕ್ತ ಕಪ್ಪಗೈತಾ ಅಂತ."

ಪಾಸ್ಟರ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಅವನಿಗೆ ಕಾಣ್ತಿದ್ದುದು ಹತ್ತಿಯ ಬಿಳೀ ಕಡೆ. ತಿರುಗಿಸಿ ತೋರಿಸ್ದೆ. ಕೆಂಪಗಿತ್ತು. ಆ ಹುಡುಗನ ಮುಖ ನೋಡ್ಬೇಕಿತ್ತು ನೀವು. ಕಪ್ಪಗೈತೆ ಅಂತ ಅವನಿಗೆ ಯಾರೋ ಹೇಳಿದ್ರು. ಅವನು ನಂಬಿದ್ದ."

ಹಿರಿಯರ ದನಿ ಮೆತ್ತಗಾಯಿತು. ಅವರೇನು ಕಲ್ಲು ಮನಸ್ಸಿನವರಲ್ಲ. "ಅದು ಘೋರ ಅನ್ಯಾಯ ಸಿಸ್ಟರಮ್ಮ, ಇಲ್ಲ ಅನ್ನಲ್ಲ. ಆದ್ರೆ ಇದು ಆಟ."

"ಅವ್ರಿಗೂ ಆಟನೇ ಆಗಿತ್ತು" ಎಂದರು ಸಿಸ್ಟರಮ್ಮ.

ಇದಾದ ಮೇಲೆ ಯಾರೂ ಮಾತಾಡಬಾರದಿತ್ತು. ಆದರೆ ಕಮಿಟಿ ಎಂದರೆ ಕಮಿಟಿ. ರಜಾ ಶಾಲೆ ಹತ್ತಿರ ಬಂತು, ಈಗ ಬದಲಾಯಿಸಲು ಪುರುಸೊತ್ತಿಲ್ಲ, ಮಂತ್ರವನ್ನು ಸೋಲಿಸಿಯೇ ತೋರಿಸಿದ್ದೇವಲ್ಲ, ಮುದುಕಿಗೆ ಒಳ್ಳೆಯವಳ ವೇಷ ಹಾಕಿದರೆ ಮಾಟವೂ ಒಳ್ಳೆಯದು ಎಂದಂತಾಗುವುದಿಲ್ಲವೇ, ಹೀಗೆ. ಕೈ ಎತ್ತಿಸಿದರು. ಸಿಸ್ಟರಮ್ಮನ ಕಡೆ ಎದ್ದದ್ದು ನನ್ನ ಕೈ ಒಂದೇ. ಆಟ ಇದ್ದ ಹಾಗೇ ಇರಲಿ ಎಂದು ತೀರ್ಮಾನವಾಯಿತು.

"ಮಕ್ಕಳಿಗೆ ಇದನ್ನ ಕೊಟ್ರೆ ನಾನು ತರಗತಿಗೆ ಬರಾಕಿಲ್ಲ" ಎಂದರು ಸಿಸ್ಟರಮ್ಮ. ಪಾಸ್ಟರು ಏನೋ ಹೇಳಲು ಹೋದರು. ಹಿರಿಯರು, "ಅವರ ಇಷ್ಟ" ಎಂದರು.

ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ನನಗೆ ಅವರ ಮೇಲೆ ಗೌರವ ಉಕ್ಕಿ ಬಂದಿತ್ತು, ನಿಮ್ಮ ಪರ ಕೈ ಎತ್ತಿದೆನಲ್ಲ ಎಂಬ ಸಣ್ಣ ಜಂಬವೂ ಇತ್ತು. ಅವರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. "ಮೇಷ್ಟ್ರೇ, ನೀವು ಕೈ ಎತ್ತಿದ್ದು ಮಾತು ಸರಿ ಅನ್ಸಿತು ಅಂತಾನೋ, ಮುದುಕಿ ಪಾಪ ಅಂತಾನೋ?" ನನ್ನ ಉತ್ತರಕ್ಕೆ ಮುಂಚೆ ಬಸ್ಸು ಹೊರಟಿತು. ಆ ಬಸ್ಸಿಗೆ ನಾನು ಇವತ್ತಿಗೂ ಋಣಿ.

ರಜಾ ಶಾಲೆ ನಡೆಯಿತು. ಮಕ್ಕಳು ಆಟವನ್ನು ಬಹಳ ಮೆಚ್ಚಿದರು. ಕಲ್ಲು ತಗಡಿಗೆ ಬಿದ್ದರೆ ಟಣ್ ಎನ್ನುವುದು, ಮುದುಕಿಗೆ ಬಿದ್ದರೆ ಅವಳು ಹೋ ಎನ್ನುವುದು. ಚಿತ್ರಾನ್ನ ಬಡಿಸುವಾಗ ಮೂಲೆಗಳಿಂದ ಟಣ್, ಹೋ, ಟಣ್, ಹೋ. ನ್ಯಾಮತಿಯ ಮಕ್ಕಳು ಸಿಸ್ಟರಮ್ಮ ಎಲ್ಲಿ ಎಂದು ಕೇಳಿದರು. ಹುಷಾರಿಲ್ಲ ಎಂದೆವು.

ಹುಷಾರಿಲ್ಲದ್ದು ಆಮೇಲೆ ನಿಜವೇ ಆಯಿತು. ಭಾನುವಾರ ಆರಾಧನೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ತರಗತಿಯ ಕೋಣೆಯ ಕಡೆ ತಿರುಗುತ್ತಿರಲಿಲ್ಲ. ಅಲ್ಲಿಂದ ಹಾಡು ಕೇಳಿಬಂದಾಗ ಅವರ ತುಟಿಯೂ ಅಲುಗುತ್ತಿತ್ತು. ಪಾಸ್ಟರ ತಪ್ಪು ಹಿಡಿಯುವುದನ್ನೂ ಬಿಟ್ಟುಬಿಟ್ಟರು. ಪಾಸ್ಟರು ತಾವೇ ಕೆಳಗಿನ ಸಾಲು ಓದಿ ಅವರ ಮುಖ ನೋಡುವರು. ಸಕ್ಕರೆ ಕಾಯಿಲೆ ಕಾಲಿಗೆ ಬಂದು ಓಡಾಟ ನಿಂತಿತು. ನಾನು ನೋಡಲು ಹೋದಾಗ ಒಂದೆರಡು ಸಲ ಪಾಸ್ಟರ ಮಗಳು ಅಲ್ಲೇ ಇದ್ದಳು, ಮಡಿಲಲ್ಲಿ ಲ್ಯಾಪ್‌ಟಾಪು. ನನ್ನನ್ನು ಕಂಡೊಡನೆ ಮುಚ್ಚಿಬಿಟ್ಟಳು. ಇಬ್ಬರೂ ಏನೋ ನಡೆಸಿದ್ದಾರೆ ಎಂಬ ಅನುಮಾನ ನನಗೆ ಬಂತು. ಕೇಳಿದರೆ ಸಿಸ್ಟರಮ್ಮ, "ಬೆಳ್ಳಗಿರೋದೆಲ್ಲ ಹಾಲಲ್ಲ ಮೇಷ್ಟ್ರೇ, ಕಪ್ಪಗಿರೋದೆಲ್ಲ ಕಳ್ಳತನ ಅಲ್ಲ" ಎಂದು ತೇಲಿಸಿದರು.

ಒಂದು ಸಲ ನಾನಿರುವಾಗಲೇ ಆ ಹುಡುಗಿ ಕೇಳಿದಳು. "ಅದು ಹಂಗಿರ್ಲಿ ಸಿಸ್ಟರಮ್ಮ. ನಮ್ಮ ಮಕ್ಕಳ ಆಟದಾಗೆ ಮಂತ್ರ ಇರಬೇಕೋ ಬ್ಯಾಡ್ವೋ? ನೀವು ಇವತ್ತಿಗೂ ಹೇಳೇ ಇಲ್ಲ."

ಸಿಸ್ಟರಮ್ಮ ಹಾಸಿಗೆಯ ಮೇಲೆ ಕಾಲು ಸರಿಮಾಡಿಕೊಂಡರು. "ನನಗೆ ಗೊತ್ತಿಲ್ಲವ್ವ. ನಾನು ಔಷಧಿ ಕೊಟ್ಟೋಳು. ಔಷಧಿ ಒಳ್ಳೇದೋ ಕೆಟ್ಟದ್ದೋ ಅಂದ್ರೆ ಏನಂತ ಹೇಳಾದು? ಕುಡಿದೋನಿಗೆ ಏನಾತು ಅಂತ ನೋಡಬೇಕು. ಕೋಲಿಗೆ ಬೆಳಕು ಬಂದ್ರೆ ಯಾರ ತಲೇನೂ ಒಡೆಯಾಕಿಲ್ಲ. ಆ ಹಿರಿಯರ ಭಯಾನೂ ಸುಳ್ಳಲ್ಲ, ಅವರಪ್ಪ ಹೆದರ್ತಾನೇ ಸತ್ತಿದಾನೆ. ಆದ್ರೆ ಭಯ ಇದ್ದೋರು ಮೊದಲು ಕಲ್ಲು ಬೀಸಾದು ಯಾರ ಬಾಗಿಲಿಗೆ ಅಂತ, ಅದನ್ನ ನಾನು ನೋಡೀನಿ." ಇಷ್ಟು ಹೇಳಿ ನನ್ನ ಕೈಯಿಂದ ಕಿತ್ತಳೆಹಣ್ಣು ತೆಗೆದುಕೊಂಡು ತಿರುಗಿಸಿ ನೋಡಿದರು.

ಮಣ್ಣು ಮಾಡಿ ಬಂದ ದಿನ ಅವರ ಮನೆಯ ಮುಂದಿನ ಶಾಮಿಯಾನದ ಕೆಳಗೆ ಕೂತಿದ್ದೆವು. ಚನ್ನಗಿರಿಯ ಹಿರಿಯರು ನನ್ನ ಪಕ್ಕದ ಕುರ್ಚಿಯಲ್ಲಿ. ಅವರೂ ಇಳಿದುಹೋಗಿದ್ದರು. "ತರಗತಿ ಬಿಡ್ರಿ ಅಂತ ನಾನೇನು ಹೇಳಿರಲಿಲ್ಲ ಮೇಷ್ಟ್ರೇ" ಎಂದು ಆಗಿನಿಂದ ಮೂರು ನಾಲ್ಕು ಸಲ ಹೇಳಿದ್ದರು. ಪಾಸ್ಟರ ಮಗಳು ಬಂದು ತನ್ನ ಮೊಬೈಲನ್ನು ಅವರ ಕೈಗೆ ಕೊಟ್ಟಳು. ಅತ್ತು ಅವಳ ಕಣ್ಣು ಊದಿತ್ತು.

"ಆಡ್ರಿ ದೊಡ್ಡಪ್ಪ."

"ಇವತ್ತಾ?"

"ಇವತ್ತೇ."

ಹುಡುಗಿಯ ದನಿ ಕೇಳಿ ಅವರು ಎದುರು ಹೇಳಲಿಲ್ಲ. ಆಟ ಅವಳು ತಂದಿಟ್ಟ ಕಡೆಯಿಂದ ಶುರುವಾಯಿತು. ಬೇವಿನ ಮರ, ತಗಡಿನ ಮನೆ, ಮುದುಕಿ. ಅಷ್ಟರಲ್ಲಿ ಯಾರೋ ಟೀ ತಂದರು. ಹಿರಿಯರು ಮೊಬೈಲನ್ನು ತೊಡೆಯ ಮೇಲಿಟ್ಟು ಲೋಟ ಹಿಡಿದು ಊದತೊಡಗಿದರು. ತೆರೆಯ ಮೇಲೆ ಹುಡುಗ ಕವಣೆ ಇಳಿಬಿಟ್ಟು ಸುಮ್ಮನೆ ನಿಂತಿದ್ದ. ಹೊಗೆ ಬಂತು. ಹುಡುಗ ಬೀಳಲಿಲ್ಲ. ಹೊಗೆ ತೆಳ್ಳಗಾಗುತ್ತ ಹೋಗಿ, ಅದು ಒಲೆಯ ಹೊಗೆ ಎಂದು ಕಂಡಿತು. ಮುದುಕಿ ಎತ್ತಿದ ಕೈಯನ್ನು ಇಳಿಸಿದಳು, ಮುಖಕ್ಕೆ ಅಡ್ಡ ಹಿಡಿದಿದ್ದ ಕೈ ಅದು. ಎದ್ದು ಒಳಗೆ ಹೋದಳು. ಬಾಗಿಲು ಮತ್ತೆ ತೆರೆಯಿತು. ಕಂಕುಳಲ್ಲಿ ಕುರಿಮರಿ, ಮರಿಯ ಮುಂಗಾಲಿಗೆ ಬಿಳಿ ಪಟ್ಟಿ ಕಟ್ಟಿತ್ತು. ಮರಿಯನ್ನು ಹುಡುಗನ ಕಾಲ ಬಳಿ ಇಳಿಸಿ ನಿಂತಳು.

ಹಿರಿಯರು ಲೋಟ ಕೆಳಗಿಟ್ಟು ಮೊಬೈಲ್ ಎತ್ತಿಕೊಂಡರು. ತೆರೆ ನೋಡಿದರು. ಆಮೇಲೆ ಅದನ್ನು ತಿರುಗಿಸಿ ಅದರ ಬೆನ್ನು ನೋಡಿದರು. ಶಾಮಿಯಾನದ ಕೆಳಗಿದ್ದ ನಾವೆಲ್ಲ ಅದನ್ನು ನೋಡಿದೆವು.

"ಇದು ಯಾವಾಗಿಂದ ಐತವ್ವ ಇದರಾಗೆ?"

"ರಜಾ ಶಾಲೆ ಮುಗಿದ ತಿಂಗಳೇ ಹಾಕಿದೆ ದೊಡ್ಡಪ್ಪ. ಕಮಿಟಿನ ಕೇಳಲಿಲ್ಲ. ಅವತ್ತಿಂದ ಎಲ್ರ ಮೊಬೈಲ್‌ನಾಗೂ ಐತೆ. ಯಾರಿಗೂ ಸಿಕ್ಕಿಲ್ಲ, ಬಂದೋರೆಲ್ಲ ಮೊದಲು ಕಲ್ಲೇ ಬೀಸ್ತಾರೆ. ಸಿಸ್ಟರಮ್ಮಗೆ ಒಬ್ರಿಗೇ ತೋರಿಸಿದ್ದೆ."

"ಏನಂದ್ರು?"

"ಪಟ್ಟಿ ಕಟ್ಟಿದ್ದು ಸರಿ ಇಲ್ಲ, ಇಷ್ಟು ಬಿಗಿ ಕಟ್ಟಿದ್ರೆ ಮರಿ ಕಾಲು ಬಾತ್ಕಂತೈತೆ ಅಂದ್ರು. ಅವ್ರು ಹೇಳಿದಂಗೆ ಬಿಚ್ಚಿ ಬಿಚ್ಚಿ ಬರೆದೆ. ಹೋದ ವಾರ ಒಪ್ಪಿದ್ರು."

ಹಿರಿಯರು ಕನ್ನಡಕ ತೆಗೆದು ಟವೆಲಿನಿಂದ ಒರೆಸಿಕೊಂಡರು, ಕನ್ನಡಕವನ್ನಲ್ಲ. ಆಮೇಲೆ ಮೊಬೈಲನ್ನು ಅವಳ ಕಡೆ ಚಾಚಿದರು.

"ಇನ್ನೊಂದ್ಸಲ ಹಚ್ಚಿಕೊಡವ್ವ. ಈಗ ನಾನು ಏನು ಮಾಡ್ಬೇಕು?"

"ಏನೂ ಮಾಡ್ಬ್ಯಾಡ್ರಿ ದೊಡ್ಡಪ್ಪ" ಎಂದಳು ಹುಡುಗಿ. "ಟೀ ಕುಡೀರಿ."